ಬೇಸಿಗೆಗೆ ಎತ್ತಿಟ್ಟ ಹಾಲು

ಈಗ ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವಾರ್ಡಿನ ಪಕ್ಕದಲ್ಲಿ ಹಾಲು ಒಣಗಿಸುವ ಸೂಜಿಗಾಳಿ ಪೆಟ್ಟಿಗೆ ಇರುವುದು ಯಾರಿಗೂ ಆಶ್ಚರ್ಯವಲ್ಲ. ದೂರದೂರಿಗೆ ಕೆಲಸಕ್ಕೆ ಹೋಗುವ ತಾಯಂದಿರು ತಮ್ಮ ಹಾಲನ್ನು ಪುಡಿ ಮಾಡಿಸಿ ಅಜ್ಜಿಯ ಕೈಗೆ ಕೊಟ್ಟು ಬಸ್ಸು ಹತ್ತುತ್ತಾರೆ. ಅಜ್ಜಿಯರು ಮೊದಮೊದಲು ಮೂಗು ಮುರಿದರು. ಈಗ ಅವರೇ ‘ನೀರು ಜಾಸ್ತಿ ಆಯ್ತು, ಇನ್ನೊಂದು ಚಮಚ ಹಾಕು’ ಎಂದು ಸೊಸೆಯರಿಗೆ ಕಲಿಸುತ್ತಾರೆ. ಒಳ್ಳೆಯದೇ ಆಯಿತು. ಆದರೆ ಆ ಪೆಟ್ಟಿಗೆಯಲ್ಲಿ ಮೊಟ್ಟಮೊದಲು ಒಣಗಿದ ತಾಯಿಹಾಲು ಯಾರದು ಎಂದು ಬಲ್ಲವರು ಕೆಲವೇ ಜನ. ಅವರಲ್ಲಿ ನಾನೊಬ್ಬಳು.

ನನ್ನ ಹೆಸರು ಫಿಲೋಮಿನಾ. ಮಂಡ್ಯ ಸೀಮೆಯ ಒಂದು ಹಾಲಿನ ಡೈರಿಯಲ್ಲಿ ಗುಣಮಟ್ಟ ವಿಭಾಗದವಳು. ದೊಡ್ಡ ಮಾತು ಬೇಡ, ನಾನು ಹಾಲು ಮೂಸುವವಳು. ಹಳ್ಳಿಗಳಿಂದ ಬಂದ ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಒಮ್ಮೆ ಮೂಗೊಡ್ಡಿದರೆ ಕ್ಯಾನು ತೊಳೆದಿಲ್ಲವೋ, ಹಸು ಏನಾದರೂ ಕಹಿಸೊಪ್ಪು ಮೇಯ್ದಿದೆಯೋ, ಬೆಳಗಿನ ಹಾಲಿಗೆ ನಿನ್ನೆಯದು ಬೆರೆತಿದೆಯೋ ತಿಳಿಯುತ್ತದೆ. ಯಂತ್ರಗಳೂ ಇವೆ. ಆದರೆ ಯಂತ್ರ ಹೂಂ ಅಂದು ನನ್ನ ಮೂಗು ಊಹೂಂ ಅಂದರೆ ಕ್ಯಾನು ವಾಪಸ್ಸು ಹೋಗುತ್ತದೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ‘ಬಂದವರೆಲ್ಲ ಮೂಸುವಾಗಲೇ ಫೇಲಾದರು’ ಎನ್ನುತ್ತಿದ್ದೆ.

ಆ ಪೆಟ್ಟಿಗೆ ಹುಟ್ಟುವ ಹೊತ್ತಿಗಾಗಲೇ ನಮ್ಮ ಕಡೆ ಬೇಸಿಗೆಯೆಂಬುದು ಯುಗಾದಿಗೆ ಕಾಯುವುದನ್ನು ಬಿಟ್ಟಿತ್ತು. ಸಂಕ್ರಾಂತಿಯ ಎಳ್ಳು ಬೀರಿ ಮುಗಿಸುವಷ್ಟರಲ್ಲಿ ಬಿಸಿಲು ಬಂದು ಕೂರುತ್ತಿತ್ತು, ಆಷಾಢ ಕಳೆದರೂ ಏಳುತ್ತಿರಲಿಲ್ಲ. ಹಸುಗಳು ಏದುಸಿರು ಬಿಡುತ್ತ ನಿಂತು ಅರ್ಧಕ್ಕರ್ಧ ಹಾಲು ಕಡಿಮೆ ಕೊಡುತ್ತಿದ್ದವು. ಮಳೆಗಾಲದಲ್ಲಿ ಹೆಚ್ಚಾದ ಹಾಲನ್ನು ಪುಡಿ ಮಾಡಿ ಎತ್ತಿಡು, ಬೇಸಿಗೆಯಲ್ಲಿ ತೆಗೆದು ನೀರಿಗೆ ಕಲಸಿ ಹಂಚು. ಡೈರಿಯವರ ವೇದ ಇದೊಂದೇ. ಸ್ಟೋರಿನಲ್ಲಿ ಪುಡಿಯ ಚೀಲಗಳು ಸೂರು ಮುಟ್ಟಿದ್ದರೆ ಮ್ಯಾನೇಜರಿಂದ ಹಿಡಿದು ಲೋಡಿಂಗಿನವರ ತನಕ ಎಲ್ಲರ ಮುಖದಲ್ಲೂ ಕಳೆ ಇರುತ್ತಿತ್ತು. ಮಳೆಗಾಲದಲ್ಲಿ ಚೀಲ ಬಿಚ್ಚಿದವನನ್ನು ನಮ್ಮಲ್ಲಿ ಮನೆಹಾಳ ಅಂತಲೇ ಕರೆಯುತ್ತಿದ್ದರು.

ಪುಡಿ ವಿಭಾಗದ ಎಂಜಿನಿಯರ್ ನಂದೀಶ. ಮಾತು ಕಡಿಮೆ, ಹಟ ಜಾಸ್ತಿ. ಅವನ ತಲೆ ಹೊಕ್ಕಿದ್ದ ಪ್ರಶ್ನೆ ಒಂದೇ: ಬಿಸಿ ತಾಗಿಸದೆ ಹಾಲು ಒಣಗಿಸಲು ಬಂದರೆ? ಕರು ಹಾಕಿದ ಹಸು ಸತ್ತುಹೋದರೆ ಆ ಕರುವಿಗೆ ಬೇರೆ ಹಸುವಿನ ಗಿಣ್ಣು ಹಾಲು ಬೇಕು, ಇಲ್ಲದಿದ್ದರೆ ಕರು ಉಳಿಯುವುದು ಕಷ್ಟ. ಆದರೆ ಗಿಣ್ಣು ಹಾಲನ್ನು ಎತ್ತಿಡುವುದು ಹೇಗೆ? ನಮ್ಮ ದೊಡ್ಡ ಯಂತ್ರದ ಬಿಸಿಗಾಳಿಗೆ ಹಾಕಿದರೆ ಅದು ಪುಡಿಯಾಗುವ ಮೊದಲೇ ಗಟ್ಟಿಯಾಗುತ್ತದೆ. ಬೆಲ್ಲ ಏಲಕ್ಕಿ ಹಾಕಿ ತಿನ್ನಬಹುದು ಅಷ್ಟೆ, ಕರುವಿಗೆ ಉಪಯೋಗವಿಲ್ಲ. ರೋಗ ತಡೆಯುವ ಗುಣವೆಲ್ಲ ಆ ಬಿಸಿಯಲ್ಲೇ ಸತ್ತಿರುತ್ತದೆ.

ನಂದೀಶ ಮಾಡಿದ್ದು ಒಂದು ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ಮೇಲೆ ಸಾಲುಸಾಲು ಸೂಜಿಗಳು, ಮೊನೆ ಕೆಳಕ್ಕೆ. ಕೆಳಗೆ ಉಕ್ಕಿನ ತಟ್ಟೆ, ಅದರ ಮೇಲೆ ದೋಸೆಗಿಂತ ತೆಳ್ಳಗೆ ಹರಡಿದ ಹಾಲು. ಸೂಜಿಗಳಿಗೆ ಇಪ್ಪತ್ತು ಸಾವಿರ ವೋಲ್ಟ್. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಹರಿಯುವ ಕರೆಂಟು ಮಾತ್ರ ಸೊಳ್ಳೆ ಬ್ಯಾಟಿನದಕ್ಕಿಂತ ಕಡಿಮೆ. ಸೂಜಿಯ ಮೊನೆಯಲ್ಲಿ ಗಾಳಿಯ ಕಣಗಳು ವಿದ್ಯುತ್ತು ಹೊತ್ತುಕೊಂಡು ತಟ್ಟೆಯ ಕಡೆಗೆ ಧಾವಿಸುತ್ತವೆ, ದಾರಿಯಲ್ಲಿ ಸಿಕ್ಕ ಗಾಳಿಯನ್ನೆಲ್ಲ ತಳ್ಳಿಕೊಂಡು ಬರುತ್ತವೆ. ಫ್ಯಾನಿಲ್ಲ, ಒಲೆಯಿಲ್ಲ, ಆದರೂ ಕೈಯೊಡ್ಡಿದರೆ ತಣ್ಣನೆ ಗಾಳಿ. ‘ಒದ್ದೆ ಪದಾರ್ಥದ ಮೈಗೆ ತೇವದ ಗಾಳಿ ಒಂದು ಪದರ ಅಂಟಿಕೊಂಡು ನಿಂತಿರುತ್ತೆ ಮೇಡಂ, ಅದು ಕದಲದೆ ಒಳಗಿನ ನೀರು ಹೊರಗೆ ಬರಲ್ಲ. ಈ ಗಾಳಿ ಆ ಪದರಾನೇ ಕಿತ್ತು ಹಾಕುತ್ತೆ’ ಎಂದು ಅವನು ವಿವರಿಸಿದ. ಅಡ್ಡಗಾಳಿಯೊಂದು ಆ ತೇವವನ್ನು ಹೊರಕ್ಕೆ ಎಳೆದೊಯ್ಯುತ್ತಿತ್ತು.

ಮೊದಲು ಒಣಗಿಸಿದ ಗಿಣ್ಣು ಹಾಲಿನ ಪುಡಿಯನ್ನು ನನ್ನ ಮುಂದಿಟ್ಟ. ಮೂಸಿ ನೋಡಿ ಆಚೆ ತಳ್ಳಿದೆ. ಸಿಡಿಲು ಬಿದ್ದ ಜಾಗದ ವಾಸನೆ, ಜೊತೆಗೆ ಕಮಟು. ಸೂಜಿಯ ಕಿಡಿಗೆ ಗಾಳಿಯಲ್ಲಿ ಓಝೋನ್ ಹುಟ್ಟುತ್ತದೆ, ಅದು ಹಾಲಿನ ಕೊಬ್ಬನ್ನು ಕೆಡಿಸುತ್ತದೆ. ಅವನು ಗಾಳಿಯ ಬದಲು ಪೆಟ್ಟಿಗೆಗೆ ಸಾರಜನಕ ತುಂಬಿದ, ಇದ್ದಿಲಿನ ಫಿಲ್ಟರ್ ಇಟ್ಟ, ಸೂಜಿಗಳ ಅಂತರ ಬದಲಿಸಿದ. ಪ್ರತಿ ಸಲ ನನ್ನ ಮುಂದೆ ತಂದಿಟ್ಟ, ಪ್ರತಿ ಸಲ ತಳ್ಳಿಸಿಕೊಂಡ. ಒಂದು ದಿನ ನಾನು ತಳ್ಳಲಿಲ್ಲ. ನೀರಿಗೆ ಬೆರೆಸಿದರೆ ಆಗತಾನೆ ಕರೆದ ಹಾಲು. ತಬ್ಬಲಿ ಕರುವೊಂದು ಅದನ್ನು ಕುಡಿದು ಬಾಲ ಎತ್ತಿಕೊಂಡು ಓಡಿದಾಗ ನಂದೀಶ ನಕ್ಕದ್ದನ್ನು ನಾನು ನೋಡಿದ್ದೇನೆ.

ಆಗ ಅವನ ಹೆಂಡತಿ ತನುಜ ಬಸುರಿ. ಅವಳು ಬಸ್ ಕಂಡಕ್ಟರ್. ಎಂಥ ಬಾಯಿ ಎಂದರೆ, ಸೀಟು ಸಿಗದೆ ಕೂಗಾಡುವವರು ಅವಳ ಒಂದು ಮಾತಿಗೆ ನಕ್ಕು ನಿಂತೇ ಪ್ರಯಾಣ ಮಾಡುತ್ತಿದ್ದರು. ಏಳನೇ ತಿಂಗಳಲ್ಲಿ ಅವಳ ಕುತ್ತಿಗೆಯಲ್ಲಿ ಗಂಟುಗಳು ಕಂಡವು. ಮೈಸೂರಿನಲ್ಲಿ ತೋರಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು. ಹೆರಿಗೆಯಾದ ತಕ್ಷಣ ಔಷಧಿ ಶುರು ಮಾಡೋಣ, ಆಮೇಲೆ ಮಗುವಿಗೆ ಎದೆಹಾಲು ಕೊಡುವ ಹಾಗಿಲ್ಲ ಎಂದರು ಡಾಕ್ಟರು. ತನುಜ ಎರಡು ತಿಂಗಳು ಬೇಕು ಎಂದಳು. ಕಾಯುವುದು ಅಪಾಯ ಎಂದು ಡಾಕ್ಟರು ಬಿಡಿಸಿ ಹೇಳಿದರು. ನಂದೀಶ ಕೈಮುಗಿದ. ಅವಳು ಜಗ್ಗಲಿಲ್ಲ.

ಹೆರಿಗೆಗೆ ಮುಂಚೆ ಒಂದು ದಿನ ತಾನೇ ಲ್ಯಾಬಿಗೆ ಬಂದಳು. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು.

‘ಇದೇನಾ ಅಕ್ಕ ನನ್ನ ಸವತಿ? ರಾತ್ರಿ ಎಲ್ಲ ಇದರ ಹತ್ರಾನೇ ಇರ್ತಿದ್ರಲ್ಲ ಇವರು.’

‘ಅದೇ ಕಣಮ್ಮ. ಮೈತುಂಬ ಸೂಜಿ, ಹುಷಾರು’ ಎಂದೆ.

‘ನನ್ನ ಹಾಲೂ ಒಣಗಿಸುತ್ತಾ ಇದು?’

ನಂದೀಶ ತಲೆ ತಗ್ಗಿಸಿದ. ‘ಒಣಗಿಸುತ್ತೆ. ನಾನು ಮೂಸಿ ನೋಡಿ ಒಳ್ಳೇದಿದ್ರೆ ಮಾತ್ರ ಮಗುವಿಗೆ’ ಎಂದೆ.

‘ಹಂಗಾದ್ರೆ ಸರಿ. ಎರಡು ತಿಂಗಳು ಕೂಸು ಒಂದು ಕಡೆ ಕುಡೀಲಿ, ಇದು ಒಂದು ಕಡೆ ಕುಡೀಲಿ. ಆಮೇಲೆ ನಾನು ಔಷಧಿಗೆ ಹೋದ ದಿನದಿಂದ ಅದನ್ನೇ ಕೊಡ್ತಾ ಬನ್ನಿ. ಮುಗಿಯೋ ತನಕ ಹೊಟ್ಟೆತುಂಬ ಕೊಡಿ. ಎತ್ತಿಡೋದು ಗಿತ್ತಿಡೋದು ಬ್ಯಾಡ. ಕೇಳ್ತಾ ಇದೀರಾ ರೀ, ನಿಮಗೇ ಹೇಳ್ತಿರೋದು.’

‘ಆಯ್ತು’ ಎಂದ ನಂದೀಶ.

ಹೆಣ್ಣು ಮಗು ಹುಟ್ಟಿತು. ಇಂಪನ ಎಂದು ಹೆಸರಿಟ್ಟರು. ಬಾಣಂತನಕ್ಕೆ ತನುಜಳ ತಾಯಿ ಪುಟ್ಟಗೌರಮ್ಮ ಬಂದರು. ನಾನು ದಿನ ಬಿಟ್ಟು ದಿನ ಸಂಜೆ ಹೋಗುತ್ತಿದ್ದೆ, ಹಾಲಿನ ಸೀಸೆಗಳನ್ನು ಐಸಿನ ಡಬ್ಬಿಯಲ್ಲಿ ತರುವುದು ನನ್ನ ಪಾಲಿಗೆ ಬಂದಿತ್ತು. ಹೋದಾಗಲೆಲ್ಲ ತಾಯಿ ಮಗಳ ಜಗಳ. ಬಾಣಂತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ತುಪ್ಪದನ್ನ ಬಿಟ್ಟು ಬೇರೇನೂ ಇಲ್ಲ ಎಂಬುದು ಪುಟ್ಟಗೌರಮ್ಮನ ಪಥ್ಯ. ತನುಜ ಅಕ್ಕಪಕ್ಕದ ಮನೆಯಿಂದ ಬದನೆಕಾಯಿ ಪಲ್ಯ ತರಿಸಿಕೊಂಡು ತಿನ್ನುತ್ತಿದ್ದಳು. ಮಾವಿನಕಾಯಿ ಕಚ್ಚುತ್ತಿದ್ದಳು. ಒಂದು ಸಂಜೆ ಮೀನಿನ ಸಾರಿನ ಬಟ್ಟಲು ಮಂಚದ ಕೆಳಗೆ ಸಿಕ್ಕಿತು.

‘ಥೂ, ನಿನ್ನ ನಾಲಿಗೆಗೆ ಬೆಂಕಿ ಬೀಳ! ಕೂಸಿಗೆ ಹೊಟ್ಟೆನೋವು ಬಂದ್ರೆ ಯಾರೇ ನೋಡೋರು? ನಿನ್ನ ನಾನು ಹಿಂಗೇ ಸಾಕಿದ್ನಾ?’ ಪುಟ್ಟಗೌರಮ್ಮ ಬಟ್ಟಲು ಎತ್ತಿಕೊಂಡು ಗದರಿದರು.

ತನುಜ ಮಗುವನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸಿಕೊಂಡಳು. ‘ಅವ್ವ, ನಾನು ತಿಂದಿದ್ದರ ರುಚಿಯೆಲ್ಲ ಹಾಲಿಗೆ ಬತ್ತದೆ. ಬೇಕಾದ್ರೆ ಈ ಅಕ್ಕನ್ನ ಕೇಳು, ಹಸು ಏನು ಮೇಯ್ತು ಅಂತ ಹಾಲು ಮೂಸಿ ಹೇಳ್ತಾರೆ. ನಾನು ನಾಳೆ ಇವಳಿಗೆ ಅವರೆಕಾಳು ಸಾರು ಮಾಡಿ ಹಾಕ್ತೀನೋ ಇಲ್ವೋ. ಹಾಲಲ್ಲಾದ್ರೂ ಒಂದ್ಸಲ ಉಂಡ್ಕಳ್ಳಿ ಅಂತ.’

ಮಗಳ ಕಾಯಿಲೆ ಪುಟ್ಟಗೌರಮ್ಮನಿಗೆ ಗೊತ್ತಿತ್ತು. ಅದು ಎಷ್ಟು ದೂರ ಹೋಗಿದೆ ಎಂಬುದು ಅವತ್ತು ತಿಳಿಯಿತು. ಬಟ್ಟಲು ಹಿಡಿದುಕೊಂಡೇ ಅಡುಗೆಮನೆಗೆ ಹೋದರು. ಮರುದಿನದಿಂದ ಅವರೇ ಮಾಡಿ ಹಾಕಿದರು. ಅವರೆಕಾಳು ಸಾರು, ಬಸ್ಸಾರು, ಹುರುಳಿಕಟ್ಟು, ನಾಟಿಕೋಳಿ, ಹಲಸಿನ ಹಣ್ಣಿನ ಕಡುಬು. ಯಾವ ಬಾಣಂತಿಯೂ ತಿನ್ನದ್ದನ್ನೆಲ್ಲ ತನುಜ ತಿಂದಳು. ತಿನ್ನುವಾಗ ಒಂದೊಂದು ದಿನ ವಾಂತಿ ಬರುತ್ತಿತ್ತು, ನೀರು ಕುಡಿದು ಮತ್ತೆ ತಿನ್ನುತ್ತಿದ್ದಳು. ಮಗುವಿಗೆ ಹೊಟ್ಟೆನೋವು ಬರಲೇ ಇಲ್ಲ.

ಲ್ಯಾಬಿನಲ್ಲಿ ನಾನು ಸೀಸೆ ತೆರೆದರೆ ಆ ದಿನದ ಅಡುಗೆ ತಿಳಿಯುತ್ತಿತ್ತು. ಬೆಳ್ಳುಳ್ಳಿಯ ದಿನ ಬೇರೆ, ಮಾವಿನ ದಿನ ಬೇರೆ. ನಂದೀಶ ಹಾಲನ್ನು ತಟ್ಟೆಗೆ ಸುರಿಯುವಾಗ ಒಂದು ಹನಿಯೂ ಚೆಲ್ಲದಂತೆ ಉಸಿರು ಹಿಡಿಯುತ್ತಿದ್ದ. ಪೆಟ್ಟಿಗೆಯ ಬಾಗಿಲು ಹಾಕಿದ ಮೇಲೆ ಸಣ್ಣಗೆ ಗುಂಯ್ ಸದ್ದು, ಕತ್ತಲಲ್ಲಿ ಸೂಜಿಯ ಮೊನೆಗಳಲ್ಲಿ ನೇರಳೆ ಚುಕ್ಕಿಗಳು. ಹಾಲು ಮೊದಲು ಮಂಕಾಗಿ, ಆಮೇಲೆ ಸುಕ್ಕಾಗಿ, ಕೊನೆಗೆ ಹಪ್ಪಳದ ಚೂರಿನ ಹಾಗೆ ತಟ್ಟೆ ಬಿಡುತ್ತಿತ್ತು. ಪುಡಿ ಮಾಡಿ, ಪೊಟ್ಟಣಕ್ಕೆ ಹಾಕಿ, ಸಾರಜನಕ ತುಂಬಿ ಮುಚ್ಚುತ್ತಿದ್ದ. ನಾನು ಪ್ರತಿ ಸಲ ಸ್ವಲ್ಪ ಕಲಸಿ ನಾಲಿಗೆಗೆ ಹಾಕಿಕೊಂಡು ನೋಡಿ ತಲೆಯಾಡಿಸಬೇಕು. ನಂದೀಶ ಮಾತ್ರ ಒಂದು ಹನಿಯೂ ಮುಟ್ಟಿ ನೋಡಿದವನಲ್ಲ. ‘ಅದು ಇಂಪನಾದು ಮೇಡಂ’ ಎನ್ನುತ್ತಿದ್ದ.

ಎರಡು ತಿಂಗಳು ಮುಗಿದು ತನುಜ ಮೈಸೂರಿನ ಆಸ್ಪತ್ರೆ ಸೇರಿದಳು. ಹೊರಡುವಾಗ ಮಗುವಿಗೆ ಕೊನೆಯ ಸಲ ಹಾಲೂಡಿಸಿ, ಸೆರಗು ಸರಿ ಮಾಡಿಕೊಂಡು, ನಮ್ಮೆಲ್ಲರ ಕಡೆ ತಿರುಗಿ ‘ರೈಟ್, ಹೋಗೋಣ’ ಎಂದಳು. ಬಸ್ಸಿನಲ್ಲಿ ಹೇಳುತ್ತಿದ್ದ ದನಿಯೇ. ನಾವು ನಗಲಿಲ್ಲ.

ಆಮೇಲಿನದು ಅವಳು ಹೇಳಿದ ಹಾಗೆ ನಡೆಯಲಿಲ್ಲ.

ಮುಂದಿನ ತಿಂಗಳು ಒಂದು ಭಾನುವಾರ ನಾನು ಅವರ ಮನೆಗೆ ಹೋದಾಗ ಪುಟ್ಟಗೌರಮ್ಮ ಮಗುವಿಗೆ ಅಂಗಡಿಯ ಡಬ್ಬಿ ಪುಡಿ ಕಲಸಿ ಕುಡಿಸುತ್ತಿದ್ದರು. ಫ್ರಿಜ್ಜಿನ ಮೇಲಿನ ಖಾನೆ ತೆಗೆದು ನೋಡಿದೆ. ತನುಜಳ ಪೊಟ್ಟಣಗಳು ಇಟ್ಟಂತೆಯೇ ಇದ್ದವು, ಒಂದರ ಬಾಯಿ ಮಾತ್ರ ತೆರೆದಿತ್ತು.

‘ಏನು ನಂದೀಶ ಇದು?’ ಎಂದೆ.

‘ದಿನಕ್ಕೊಂದು ಚಮಚ ಹಾಕ್ತೀನಿ ಮೇಡಂ, ಆ ಹಾಲಿಗೇ ಬೆರೆಸಿ. ಪೂರ್ತಿ ಕೊಟ್ರೆ ಎರಡೇ ತಿಂಗಳಿಗೆ ಮುಗಿದುಹೋಗುತ್ತೆ. ಆಮೇಲೆ? ಮುಂದೆ ಬೇಕಾಗುತ್ತಲ್ಲ.’

‘ತನುಜ ಎತ್ತಿಡಬೇಡ ಅಂದಿದ್ದಳು.’

‘ಈಗ ಹೊರಗಿನ ಹಾಲು ಹಿಡಿಸ್ತಾ ಇದೆ ಮೇಡಂ. ಸಿಗೋ ಕಾಲದಲ್ಲಿ ಸಿಗೋದನ್ನ ಕೊಡೋಣ, ಇದು ಕಷ್ಟಕಾಲಕ್ಕಿರಲಿ.’

ಇಪ್ಪತ್ತು ವರ್ಷ ಡೈರಿಯಲ್ಲಿ ನಾನೂ ಇದೇ ಮಾತು ಕೇಳಿದವಳು, ಹೇಳಿದವಳು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಬಂತು. ‘ಇದು ಸ್ಟೋರಿನ ಚೀಲ ಅಲ್ಲ ಕಣಯ್ಯ’ ಎಂದು ಕೂಗಿದೆ. ಪುಟ್ಟಗೌರಮ್ಮ ಮಗುವಿನ ಬಾಯಿ ಒರೆಸುತ್ತ, ಅಳಿಯನ ಮುಖ ನೋಡದೆ ಹೇಳಿದರು: ‘ಹಸಿದಾಗ ಕೊಡದ ಹಾಲು ಹಾಲಲ್ಲ ಕಣಪ್ಪ.’ ಅವನು ಫ್ರಿಜ್ಜಿನ ಬಾಗಿಲು ಮುಚ್ಚಿದ. ಅಳಿಯನಿಗೆ ಅದಕ್ಕಿಂತ ಹೆಚ್ಚು ಹೇಳುವ ರೂಢಿ ಆಕೆಗಿರಲಿಲ್ಲ.

ಮೈಸೂರಿಗೆ ಅವನ ಜೊತೆ ಒಂದು ಸಲ ಹೋಗಿದ್ದೆ. ತನುಜಳ ಕೂದಲು ಹೋಗಿತ್ತು, ದನಿ ಇಳಿದಿತ್ತು. ನಮ್ಮನ್ನು ಕಂಡ ಕೂಡಲೇ ಕೇಳಿದ್ದು ಅದನ್ನೇ.

‘ಕುಡೀತಾಳಾ?’

‘ಕುಡೀತಾಳೆ’ ಎಂದ ನಂದೀಶ.

‘ಯಾವ ದಿನದ್ದು ಇಷ್ಟ ಆಗುತ್ತೆ? ಮಾವಿನಕಾಯಿ ದಿನದ್ದಕ್ಕೆ ಮುಖ ಹುಳ್ಳಗೆ ಮಾಡ್ತಾಳಾ?’

‘ಎಲ್ಲಾ ಕುಡೀತಾಳೆ. ಚಪ್ಪರಿಸಿಕೊಂಡು ಕುಡೀತಾಳೆ.’

ಅವಳು ಕಣ್ಣು ಮುಚ್ಚಿಕೊಂಡು ನಕ್ಕಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ನೀರು ತರುವ ನೆಪದಲ್ಲಿ ಹೊರಗೆ ಬಂದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಂದೀಶ ತಾನಾಗಿಯೇ ಮಾತಾಡಿದ. ‘ಪ್ಯಾಕೆಟ್ ಒಡೆಯೋಕೆ ಕೈ ಬರಲ್ಲ ಮೇಡಂ. ಒಂದು ಖಾಲಿಯಾದ್ರೆ ಅವಳು ಅಷ್ಟು ಕಡಿಮೆಯಾದ ಹಾಗೆ ಅನ್ಸುತ್ತೆ. ಅವಳು ವಾಪಸ್ ಬಂದ ದಿನ ಎಲ್ಲಾ ಒಡೆದು ಕೊಟ್ಟುಬಿಡ್ತೀನಿ.’ ಅವನ ಮೇಲಿನ ಸಿಟ್ಟು ನನಗೆ ಆಗಲೂ ಹೋಗಲಿಲ್ಲ, ಆದರೆ ಬಯ್ಯಲು ಬಾಯಿ ಬರಲಿಲ್ಲ.

ತನುಜ ವಾಪಸ್ಸು ಬರಲಿಲ್ಲ. ಇಂಪನ ಕವುಚಿ ಬಿದ್ದು ತಲೆ ಎತ್ತಿ ನೋಡಲು ಕಲಿತ ಕಾಲದಲ್ಲಿ ಅವಳು ಹೋದಳು. ಕೊನೆಯ ವಾರ ಡಾಕ್ಟರು ಯಾರನ್ನೂ ದೂರಲಿಲ್ಲ, ಆ ಎರಡು ತಿಂಗಳ ಮಾತನ್ನೂ ಎತ್ತಲಿಲ್ಲ. ಎತ್ತದೇ ಇದ್ದದ್ದರಿಂದಲೇ ನಮಗೆಲ್ಲ ಅರ್ಥವಾಯಿತು. ಆ ಹಾಲಿಗೆ ಅವಳು ತೆತ್ತದ್ದು ಏನೆಂದು ಎಲ್ಲರಿಗಿಂತ ಚೆನ್ನಾಗಿ ತಿಳಿದವನು ನಂದೀಶ.

ಅವಳು ಹೋಗಿ ತಿಂಗಳು ತುಂಬಿದ ಮೇಲೆ ಅವನಿಗೆ ಹೇಳಿದೆ, ‘ಈಗಲಾದರೂ ಕೊಟ್ಟುಬಿಡು. ಮಗುವಿಗೆ ಇನ್ನೂ ಹಲ್ಲು ಬಂದಿಲ್ಲ, ಹಾಲಿಗೇ ಬಾಯಿ ಬಿಡುತ್ತೆ.’

ಅವನು ಯೋಚಿಸಿ ಇಟ್ಟುಕೊಂಡ ಹಾಗೆ ಉತ್ತರ ಕೊಟ್ಟ. ‘ಈಗ ಕೊಟ್ರೆ ಅವಳಿಗೆ ಏನು ನೆನಪಿರುತ್ತೆ ಮೇಡಂ? ನಿಮಗೆ ನಿಮ್ಮಮ್ಮನ ಹಾಲಿನ ರುಚಿ ನೆನಪಿದೆಯಾ? ಯಾರಿಗೂ ಇರಲ್ಲ. ಈ ಭೂಮಿ ಮೇಲೆ ನೆನಪಿಟ್ಕೊಳ್ಳೋ ಅವಕಾಶ ಇರೋದು ಇವಳೊಬ್ಬಳಿಗೇ. ಮಾತು ಬರಲಿ. ಇದು ನಿಮ್ಮಮ್ಮನ ಹಾಲು ಅಂತ ಹೇಳಿ ಕೊಡ್ತೀನಿ. ಆಗ ಅದು ಅವಳಿಗೆ ಸಾಯೋ ತನಕ ಇರುತ್ತೆ.’

ತಪ್ಪು ಎಂದು ಗೊತ್ತಿತ್ತು. ಆದರೆ ಎಲ್ಲಿ ತಪ್ಪು ಎಂದು ಆ ಕ್ಷಣಕ್ಕೆ ಹೇಳಲಾಗಲಿಲ್ಲ. ಅಂದಿನಿಂದ ದಿನದ ಒಂದು ಚಮಚವೂ ನಿಂತಿತು. ಫ್ರಿಜ್ಜಿನ ಆ ಖಾನೆಗೆ ಪುಟ್ಟಗೌರಮ್ಮ ಒಂದು ನಿಂಬೆಹಣ್ಣನ್ನೂ ಇಡುವ ಹಾಗಿರಲಿಲ್ಲ. ಕರೆಂಟು ಹೋದರೆ ನಂದೀಶ ಡೈರಿಯಿಂದ ಐಸು ಹೊತ್ತುಕೊಂಡು ಓಡುತ್ತಿದ್ದ.

ಮಗು ಬೆಳೆಯಿತು. ಮಕ್ಕಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ರಾಗಿ ಸರಿ ತಿಂದಿತು, ಹಸುವಿನ ಹಾಲು ಕುಡಿಯಿತು, ಅಜ್ಜಿಯ ತಟ್ಟೆಯ ಮುದ್ದೆ ಸಾರಿಗೆ ಕೈ ಹಾಕಿತು. ಇತ್ತ ಪೆಟ್ಟಿಗೆಯ ಸುದ್ದಿ ಹಬ್ಬಿ ದೊಡ್ಡ ಆಸ್ಪತ್ರೆಯವರು ಬಂದು ನೋಡಿದರು. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಬೇರೆ ತಾಯಂದಿರ ಹಾಲನ್ನು ಹೀಗೆ ಒಣಗಿಸಿ ಇಡಬಹುದೇ ಎಂದು ಕೇಳಿದರು. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲವೇ ಎಂಬುದು ಅವರಿಗಿದ್ದ ಒಂದೇ ಅನುಮಾನ. ಅಷ್ಟು ಹಳೆಯ ತಾಯಿಹಾಲಿನ ಪುಡಿ ಇದ್ದದ್ದು ನಂದೀಶನ ಮನೆಯಲ್ಲಿ ಮಾತ್ರ. ಅದನ್ನು ಮಾದರಿಗೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಇಂಪನಳಿಗೆ ಎರಡು ವರ್ಷ ದಾಟಿ, ಮಾತು ಅರಳು ಹುರಿದ ಹಾಗೆ ಬರತೊಡಗಿತ್ತು. ಒಂದು ದಿನ ಬೆಳಿಗ್ಗೆ ನಂದೀಶ ಲ್ಯಾಬಿಗೆ ಬಂದು ನನ್ನ ಮೇಜಿನ ಮೇಲೆ ತೆರೆದ ಪೊಟ್ಟಣವೊಂದನ್ನು ಇಟ್ಟ. ಮುಖ ಬಿಳಿಚಿಕೊಂಡಿತ್ತು.

‘ಕೆಟ್ಟುಹೋಗಿದೆ ಮೇಡಂ. ನೋಡಿ.’

‘ಏನಾಯ್ತು?’

‘ನಿನ್ನೆ ಕೊಟ್ಟೆ. ಅವಳಮ್ಮನ ಫೋಟೊ ಮುಂದೆ ಕೂರಿಸಿಕೊಂಡು, ಹೇಳಿ ಕೊಟ್ಟೆ. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು, ಥೂ ಅಂತ ಉಗಿದುಬಿಟ್ಟಳು. ಇನ್ನೊಂದು ಪ್ಯಾಕೆಟ್ ಒಡೆದೆ. ಅದನ್ನೂ ಉಗಿದಳು. ಅತ್ತೆ ಕೊಟ್ರೂ ಬೇಡ. ಕಮಟಾಗಿರಬೇಕು. ಕರೆಂಟು ಹೋದಾಗ ತೇವ ಸೇರಿರಬೇಕು. ಇಲ್ಲ, ಮೊದಲೇ ಓಝೋನ್ ತಗುಲಿತ್ತೇನೋ. ನನ್ನ ಪೆಟ್ಟಿಗೆಯಲ್ಲೇ ಏನೋ ದೋಷ. ನೀವು ನೋಡಿ ಹೇಳಿ.’

ನೋಡಿದೆ. ಮೊದಲು ಯಂತ್ರಗಳಲ್ಲಿ ನೋಡಿದೆ. ತೇವ ಇಲ್ಲ. ಕೊಬ್ಬು ಕೆಟ್ಟಿಲ್ಲ. ರೋಗ ತಡೆಯುವ ಗುಣ ಹೆಚ್ಚುಕಡಿಮೆ ಹಾಗೇ ಇದೆ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಕಲಸಿ ಮೂಗಿಗೆ ಹಿಡಿದೆ. ಬೆಳ್ಳುಳ್ಳಿಯ ಹಿಂದೆ ಅವರೆಕಾಳಿನ ಸೊಗಡು ತೆಳ್ಳಗೆ ಎದ್ದು ಬಂತು. ಮಂಚದ ಮೇಲೆ ಕಾಲು ಚಾಚಿ ಕೂತು, ವಾಂತಿ ತಡೆದುಕೊಂಡು ಉಣ್ಣುತ್ತಿದ್ದ ಆ ಹುಡುಗಿ ನನ್ನೆದುರೇ ಇದ್ದಳು. ನನ್ನ ಇಡೀ ಕೆಲಸದ ಬದುಕಿನಲ್ಲಿ ಲೋಟ ಕೆಳಗಿಟ್ಟು ಅತ್ತದ್ದು ಅವತ್ತೊಂದೇ ದಿನ.

ಬಾಗಿಲ ಹೊರಗೆ ನಂದೀಶ ನಿಂತಿದ್ದ. ಒಂದು ಮಾತು, ಕೆಟ್ಟಿದೆ ಎಂಬ ಒಂದೇ ಮಾತು ಹೇಳಿದರೆ ಅವನು ಬದುಕಿಕೊಳ್ಳುತ್ತಿದ್ದ. ಯಂತ್ರವನ್ನು ಬಯ್ಯುತ್ತಿದ್ದ, ಕರೆಂಟನ್ನು ಬಯ್ಯುತ್ತಿದ್ದ, ಸೂಜಿಗಳ ಅಂತರವನ್ನು ಮತ್ತೆ ಅಳೆಯುತ್ತ ಕೂರುತ್ತಿದ್ದ. ಆದರೆ ಆ ಮಾತು ಹೊರಗೆ ಹೋದರೆ ಆಸ್ಪತ್ರೆಯವರು ಪೆಟ್ಟಿಗೆಯನ್ನು ಕೈಬಿಡುತ್ತಾರೆ. ಅದಕ್ಕಿಂತ ಮಿಗಿಲಾಗಿ, ಅವಳ ಹಾಲನ್ನು ಕೆಟ್ಟದ್ದು ಎನ್ನಲು ನನ್ನ ನಾಲಿಗೆ ಒಪ್ಪಲಿಲ್ಲ.

‘ಚೆನ್ನಾಗಿದೆ ನಂದೀಶ. ಏನೂ ಆಗಿಲ್ಲ.’

‘ಇನ್ನೊಂದ್ಸಲ ನೋಡಿ.’

‘ನೋಡಿದೆ. ನೀನು ಮುಚ್ಚಿದ ದಿನ ಹೇಗಿತ್ತೋ ಹಾಗೇ ಇದೆ. ನಿನ್ನ ಪೆಟ್ಟಿಗೆಯಲ್ಲಿ ಒಂದು ಕೂದಲಿನಷ್ಟೂ ದೋಷ ಇಲ್ಲ.’

‘ಮತ್ಯಾಕೆ ಕುಡೀತಿಲ್ಲ ಅವಳು?’

ಉತ್ತರ ಅವನಿಗೂ ಗೊತ್ತಿತ್ತು. ಆದರೂ ಯಾರಾದರೂ ಹೇಳಬೇಕಿತ್ತು. ‘ಅವಳಿಗೆ ಅದು ಬೇಕಿದ್ದ ಕಾಲ ದಾಟಿಹೋಯ್ತಪ್ಪ’ ಎಂದೆ. ‘ಹಾಲು ಹಾಗೇ ಇದೆ. ಮಗು ಹಾಗೇ ಇರಲಿಲ್ಲ.’

ಅವನು ಅಲ್ಲೇ ಇದ್ದ ಕ್ಯಾನಿನ ಮೇಲೆ ಕೂತ. ಪೊಟ್ಟಣದ ಬಾಯಿ ಮಡಿಸಿ, ‘ನೀವು ಒಂದ್ಸಲ ಮನೆಗೆ ಬಂದು ಕೊಟ್ಟು ನೋಡ್ತೀರಾ? ನಿಮ್ಮ ಕೈಯಿಂದ ಕುಡಿದರೂ ಕುಡೀಬಹುದು’ ಎಂದ. ಬೇಡ ಎನ್ನಲಾಗಲಿಲ್ಲ.

ಮಧ್ಯಾಹ್ನವೇ ಹೋದೆವು. ಇಂಪನ ಜಗುಲಿಯಲ್ಲಿ ಅಜ್ಜಿಯ ಪಕ್ಕ ಕೂತು ಹುರಿದ ಕಡಲೆಕಾಯಿ ಸುಲಿಸಿಕೊಳ್ಳುತ್ತಿತ್ತು. ತನುಜಳದೇ ಅಗಲವಾದ ಹಣೆ, ಅವಳದೇ ಬಾಯಿ. ನಂದೀಶ ಬೆಳ್ಳಿಯ ಬಟ್ಟಲಲ್ಲಿ ಹಾಲು ಕಲಸಿ ತಂದ. ನಾನು ಮಗುವನ್ನು ತೊಡೆಯ ಮೇ‌ಲೆ ಕೂರಿಸಿಕೊಂಡು ಚಮಚ ಹತ್ತಿರ ತಂದೆ. ಅದು ಮುಖ ತಿರುಗಿಸಿತು.

‘ಬ್ಯಾಡ.’

‘ಒಂದೇ ಒಂದು ಗುಟುಕು ಕಂದ. ಅಮ್ಮಂದು.’

‘ಬ್ಯಾಡ. ಯಾಕ್.’

ಪುಟ್ಟಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಂದೀಶ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಮಗುವಿನ ಮುಂದೆ ಮಂಡಿಯೂರಿ ಕೂತ. ಬಲವಂತ ಮಾಡಲಿಲ್ಲ. ಬಟ್ಟಲನ್ನು ಹಿಡಿದುಕೊಂಡೇ ಇದ್ದ. ಮಗು ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿತು. ಆಮೇಲೆ ನನ್ನ ತೊಡೆಯಿಂದ ಇಳಿದು, ಬಟ್ಟಲಿನ ಚಮಚ ಎತ್ತಿ, ಅರ್ಧ ಚೆಲ್ಲಿಕೊಂಡು, ಅವನ ಬಾಯಿಯ ಹತ್ತಿರ ತಂದಿತು.

‘ನೀ ಕುಡಿ.’

‘ನಾನಲ್ಲ ಕಂದ, ಇದು ನಿಂದು…’

‘ಆ ಅನ್ನು. ಅಪ್ಪ, ಆ ಅನ್ನು.’

ಅವನು ನನ್ನ ಕಡೆ ನೋಡಿದ, ಅತ್ತೆಯ ಕಡೆ ನೋಡಿದ. ಹೆಂಡತಿಯ ಹಾಲು ಗಂಡ ಕುಡಿಯುವುದುಂಟೆ? ಪುಟ್ಟಗೌರಮ್ಮ ಕಣ್ಣೊರೆಸಿಕೊಂಡು, ಹೂಂ ಎನ್ನುವ ಹಾಗೆ ತಲೆಯಾಡಿಸಿದರು. ಅವನು ಬಾಯಿ ತೆರೆದ. ಮಗು ಒಂದು ಚಮಚ ಹಾಕಿತು. ನುಂಗುವ ತನಕ ಕಾದು ಇನ್ನೊಂದು ಹಾಕಿತು. ಅವನ ಗದ್ದದ ಮೇಲೆ ಇಳಿದದ್ದರಲ್ಲಿ ಹಾಲೆಷ್ಟು ಕಣ್ಣೀರೆಷ್ಟು ನನಗೆ ಗೊತ್ತಾಗಲಿಲ್ಲ.

‘ಇಷ್ಟು ಸಿಹಿ ಇತ್ತಾ ಮೇಡಂ ಇದು?’ ಎಂದ. ‘ಇಷ್ಟು ಸಿಹಿ ಇದ್ದಿದ್ದನ್ನ ನಾನು…’

‘ಮಾತಾಡಬ್ಯಾಡ’ ಎಂದು ಮಗು ಗದರಿ ಮತ್ತೊಂದು ಚಮಚ ಹಾಕಿತು. ಬಿಡಲೇ ಇಲ್ಲ. ಬಟ್ಟಲಿನ ತಳ ಕಂಡ ಮೇಲೆ ಒಳಗೆ ಇಣುಕಿ ನೋಡಿತು, ಖಾಲಿಯಾದದ್ದು ಖಚಿತವಾಯಿತು. ಆಮೇಲೆ ಎರಡೂ ಕೈಯಿಂದ ಚಪ್ಪಾಳೆ ತಟ್ಟಿ, ಹಾಲು ಪೂರ್ತಿ ಕುಡಿದ ಮಕ್ಕಳಿಗೆ ಎಲ್ಲ ಮನೆಗಳಲ್ಲೂ ಹೇಳುವ ಹಾಗೆ ಹೇಳಿತು:

‘ಜಾಣ! ಅಪ್ಪ ಜಾಣ!’